ಕಬ್ಬಿಣ ಹಿಡಿಯುವ ಕೆಲಸ

ನನ್ನ ಮೈಯಲ್ಲಿ ರಕ್ತ ಕಡಿಮೆ ಎಂದು ಮೊದಲು ಕಂಡುಹಿಡಿದವಳು ಅಜ್ಜಿ. ಆಗ ನನಗಿನ್ನೂ ವರ್ಷ ತುಂಬಿರಲಿಲ್ಲ. ಎಣ್ಣೆ ಹಚ್ಚಿ ಮೀಯಿಸುವಾಗ ಬಿಸಿನೀರು ಬಿದ್ದರೂ ಕೂಸಿನ ಅಂಗಾಲು ಕೆಂಪಾಗುವುದಿಲ್ಲ ಎಂದು ಅವಳು ಅಮ್ಮನಿಗೆ ಹೇಳಿದಳಂತೆ. ಬಿಳುಚಿದ ಮಕ್ಕಳಿಗೆ ಎಲ್ಲರೂ ಕೊಡುವುದನ್ನೇ ನನಗೂ ಕೊಟ್ಟರು: ಕಬ್ಬಿಣದ ಟಾನಿಕ್, ಬೀಟ್‌ರೂಟ್ ರಸ, ಜೇನಿನಲ್ಲಿ ನೆನೆಸಿದ ಖರ್ಜೂರ. ನಾನು ಇನ್ನಷ್ಟು ಬಿಳುಚಿಕೊಂಡೆ, ಹೊಟ್ಟೆ ಮಾತ್ರ ಮುಂದೆ ಬಂತು. ಕೊನೆಗೆ ಅಪ್ಪ ಅಮ್ಮ ನನ್ನನ್ನು ಎತ್ತಿಕೊಂಡು ಆಗುಂಬೆ ಘಾಟಿ ಇಳಿದು ಕೆಳಗಿನ ದೊಡ್ಡ ಆಸ್ಪತ್ರೆಗೆ ಹೋದರು. ರಕ್ತ ಪರೀಕ್ಷೆಯ ಫಲಿತಾಂಶ ನೋಡಿದ ಡಾಕ್ಟರು ಮೊದಲು ಹೇಳಿದ್ದು, “ಆ ಟಾನಿಕ್ ಇವತ್ತೇ ನಿಲ್ಲಿಸಿ.”

ನನಗಿರುವುದು ಥಲಸೇಮಿಯಾ. ನನ್ನ ಮೈ ಸರಿಯಾದ ಕೆಂಪು ರಕ್ತಕಣ ತಯಾರಿಸುವುದಿಲ್ಲ. ಹಾಗಾಗಿ ಕೆಲವು ವಾರಕ್ಕೊಮ್ಮೆ ಬೇರೆಯವರ ರಕ್ತ ಏರಿಸಿಕೊಳ್ಳಬೇಕು. ಏರಿಸಿದ ರಕ್ತ ಹಳೆಯದಾಗಿ ಒಡೆದಾಗ ಅದರೊಳಗಿನ ಕಬ್ಬಿಣ ಮೈಯಲ್ಲೇ ಉಳಿಯುತ್ತದೆ. ಉಪ್ಪು ಹೆಚ್ಚಾದರೆ ಮೂತ್ರದಲ್ಲಿ ಹೋಗುತ್ತದೆ, ಬೆವರಿನಲ್ಲಿ ಹೋಗುತ್ತದೆ. ಹೆಚ್ಚಾದ ಕಬ್ಬಿಣವನ್ನು ಹೊರಗೆ ಕಳಿಸಲು ಮನುಷ್ಯನ ದೇಹದಲ್ಲಿ ದಾರಿಯೇ ಇಲ್ಲ. ಅದು ಲಿವರಿನಲ್ಲಿ, ಹೃದಯದಲ್ಲಿ, ಗ್ರಂಥಿಗಳಲ್ಲಿ ಕೂತು ನಿಧಾನವಾಗಿ ಅವನ್ನು ಹಾಳು ಮಾಡುತ್ತದೆ. ಅದನ್ನು ಹಿಡಿದು ಹೊರಗೆ ಒಯ್ಯುವ ಔಷಧಿ ಬೇಕು. ಬುದ್ಧಿ ಬಂದಾಗಿನಿಂದ ಅಂಥ ಔಷಧಿಗಳ ಜೊತೆಗೇ ಬದುಕಿದ್ದೇನೆ. ಮುಂದೆ ಅಂಥದೇ ಒಂದನ್ನು ಕಟ್ಟುವ ಕೆಲಸಕ್ಕೂ ಕೈಹಾಕಿದೆ.

ಅಪ್ಪನದು ಜಯಪುರದಲ್ಲಿ ವೆಲ್ಡಿಂಗ್ ಶಾಪು. ಗೇಟು, ಕಿಟಕಿಯ ಗ್ರಿಲ್ಲು, ನೀರಿನ ಟ್ಯಾಂಕಿನ ಸ್ಟ್ಯಾಂಡು ಮಾಡುತ್ತಿದ್ದ. ಮುಂದೆ ಶಾಪು, ಹಿಂದೆ ಮನೆ. ‘ಮೈಯಲ್ಲಿ ಕಬ್ಬಿಣ ಜಾಸ್ತಿಯಾಗ್ತದಂತೆ’ ಎಂಬ ಮಾತು ಹೊರಗೆ ಹೋದ ಮೇಲೆ ಊರಿನವರು ಕಾರಣಕ್ಕಾಗಿ ದೂರ ಹುಡುಕಬೇಕಾಗಲಿಲ್ಲ.

“ಎಂತ ಆಶ್ಚರ್ಯ ಮಾರಾಯ್ತಿ, ಹುಟ್ಟಿದಾಗಿಂದ ಆ ವೆಲ್ಡಿಂಗ್ ಹೊಗೆ ಕುಡ್ದಿದೆ ಕೂಸು” ಎಂದು ಪಕ್ಕದ ಹೋಟೆಲಿನಾಕೆ ಅಮ್ಮನ ಹತ್ತಿರ ಹೇಳಿದಳು.

ಹಾಗಲ್ಲ, ಇದು ಅಪ್ಪ ಅಮ್ಮ ಇಬ್ಬರಿಂದಲೂ ಸೇರಿ ಬಂದದ್ದು, ಇದರಲ್ಲಿ ಯಾರ ತಪ್ಪೂ ಇಲ್ಲ ಎಂದು ಡಾಕ್ಟರು ಚಿತ್ರ ಬರೆದು ವಿವರಿಸಿದ್ದರು. ಅಪ್ಪ ತಲೆಯಾಡಿಸುತ್ತ ಕೇಳಿಸಿಕೊಂಡಿದ್ದ. ಆದರೂ ಊರಿಗೆ ಬಂದವನು ಶಾಪನ್ನು ಪೇಟೆಯ ಇನ್ನೊಂದು ತುದಿಗೆ ಸಾಗಿಸಿದ. ಸಂಜೆ ಬಂದರೆ ಮಿಂದು ಬಟ್ಟೆ ಬದಲಿಸುವವರೆಗೆ ನನ್ನನ್ನು ಎತ್ತಿಕೊಳ್ಳುತ್ತಿರಲಿಲ್ಲ. ನಾನು ಎಂಎಸ್ಸಿ ಮುಗಿಸಿದ ಮೇಲೂ ಶಾಪಿನ ಬಾಗಿಲಲ್ಲಿ ನಿಂತರೆ, “ಒಳಗೆ ಬರ್ಬೇಡ, ಹೊರಗೇ ಇರು, ನಾನೇ ಬತ್ತೆ” ಎನ್ನುತ್ತಿದ್ದ. ಅಮ್ಮ ಕಬ್ಬಿಣದ ದೋಸೆ ಕಾವಲಿಯನ್ನು ಅಟ್ಟಕ್ಕೆ ಹಾಕಿದಳು. ಅದರ ವಿಷಯದಲ್ಲಿ ಮಾತ್ರ ಡಾಕ್ಟರು, “ಅದು ಒಳ್ಳೇದೇ ಮಾಡಿದಿರಿ” ಎಂದರು.

ನನಗೆ ಸಿಕ್ಕ ಮೊದಲ ಔಷಧಿ ಪಂಪಿನದು. ಮಣ್ಣಿನಲ್ಲಿರುವ ಒಂದು ಸೂಕ್ಷ್ಮಜೀವಿ ತನಗೆ ಬೇಕಾದ ಕಬ್ಬಿಣವನ್ನು ಹಿಡಿದು ತರಲು ಒಂದು ವಸ್ತುವನ್ನು ತಯಾರಿಸಿಕೊಳ್ಳುತ್ತದೆ. ಮನುಷ್ಯರು ಅದನ್ನೇ ಔಷಧಿ ಮಾಡಿಕೊಂಡಿದ್ದರು. ನುಂಗಿದರೆ ಅದು ಹೊಟ್ಟೆಯಿಂದ ರಕ್ತಕ್ಕೆ ಸೇರುವುದಿಲ್ಲ. ಚರ್ಮದ ಕೆಳಗೆ ಸೂಜಿ ಚುಚ್ಚಿ, ಸೊಂಟಕ್ಕೆ ಕಟ್ಟಿದ ಸಣ್ಣ ಪಂಪಿನಿಂದ ಗಂಟೆಗಟ್ಟಲೆ ಬಿಡಬೇಕು. ಹೆಚ್ಚಾಗಿ ಮಲಗುವಾಗ ಹಾಕಿಕೊಳ್ಳುತ್ತಿದ್ದೆ. ಅದು ತಪ್ಪಿದರೆ ಹಗಲಿನಲ್ಲಿ. ಅಡ್ಡಗದ್ದೆಯಲ್ಲಿ ಚಿಕ್ಕಮ್ಮನ ಮದುವೆಗೆ ಹೋದಾಗಲೂ ಅದು ನನ್ನ ಸೊಂಟದಲ್ಲಿತ್ತು. ಅಮ್ಮ ಹೂವಿನ ಬಟ್ಟೆಯಲ್ಲಿ ಅದಕ್ಕೊಂದು ಚೀಲ ಹೊಲಿದಿದ್ದಳು. ಊಟದ ಪಂಕ್ತಿಯಲ್ಲಿ ಪಕ್ಕಕ್ಕೆ ಕೂತ, ನನಗೆ ಪರಿಚಯವಿಲ್ಲದ ಅಜ್ಜಿಯೊಬ್ಬಳು ಅದರ ಸಣ್ಣ ಸದ್ದಿಗೆ ಕಿವಿಗೊಟ್ಟಳು.

“ಇದೆಂತ ಕೂಸೇ, ರೇಡಿಯೋವಾ?”

“ಅಲ್ಲ. ಕಬ್ಬಿಣ ತೆಗೆಯೋ ಮೆಷಿನು.”

“ತೆಗ್ದು ಎಂತ ಮಾಡ್ತೀಯ?”

“ಅಪ್ಪಂಗೆ ಕೊಡ್ತೇನೆ. ಗೇಟ್ ಮಾಡಕ್ಕೆ.”

ಅಜ್ಜಿ ನಗಲಿಲ್ಲ. ಪಾಯಸ ಬಡಿಸುವವನನ್ನು ಕರೆದು ನನ್ನ ಎಲೆಗೆ ಇನ್ನೂ ಒಂದು ಸೌಟು ಹಾಕಿಸಿದಳು.

ಹೈಸ್ಕೂಲಿಗೆ ಬರುವ ಹೊತ್ತಿಗೆ ಡಾಕ್ಟರು ಕ್ಯಾಪ್ಸೂಲಿಗೆ ಬದಲಾಯಿಸಿದರು. ಸೂಜಿ ಬೇಡ, ನುಂಗಿದರೆ ಸಾಕು. ಇದನ್ನು ಯಾವ ಜೀವಿಯೂ ಮಾಡಿದ್ದಲ್ಲ, ಲ್ಯಾಬಿನಲ್ಲಿ ಯೋಚಿಸಿ ಕಟ್ಟಿದ ಸಣ್ಣ ಅಣು. ಕಬ್ಬಿಣ ಹಿಡಿದ ಮೇಲೆ ಅದು ಕೆಂಪಾಗುತ್ತದೆ, ಮೂತ್ರವೂ ಕೆಂಪಾಗಿ ಹೋಗುತ್ತದೆ. ಪಂಪಿನ ಔಷಧಿಗೂ ಸ್ವಲ್ಪ ಬಣ್ಣ ಬರುತ್ತಿತ್ತು, ಆದರೆ ಇಷ್ಟು ಗಾಢವಾಗಿ ಅಲ್ಲ. ಮೊದಲ ದಿನ ನಾನು ಬಚ್ಚಲಿನಿಂದಲೇ ಕೂಗಿದೆ. ಅಮ್ಮ ಬಂದು ನೋಡಿ, “ಹೋಗ್ಲಿ ಬಿಡೇ. ಹೋಗ್ತಾ ಇದೆ ಅಂತ ಕಣ್ಣಿಗಾದ್ರೂ ಕಾಣ್ತದಲ್ಲ” ಎಂದಳು. ಆಮೇಲೆ ಪ್ರತಿ ಬೆಳಿಗ್ಗೆ ಕಾಫಿ ಕೊಡುವಾಗ, “ಬಣ್ಣ ಹೆಂಗಿತ್ತು?” ಎಂದು ಕೇಳುವುದು ಅವಳಿಗೆ ಅಭ್ಯಾಸವಾಯಿತು. ನೆಂಟರ ಎದುರೂ ಕೇಳುತ್ತಿದ್ದಳು. ನೆಂಟರು ಕಾಫಿಯ ಬಣ್ಣದ ಮಾತು ಎಂದುಕೊಂಡು, “ಚೆನ್ನಾಗಿದೆ” ಎಂದು ಉತ್ತರ ಕೊಟ್ಟದ್ದೂ ಉಂಟು.

ಆ ಕ್ಯಾಪ್ಸೂಲಿಗೆ ಒಂದು ಷರತ್ತಿತ್ತು. ಎಲ್ಲೋ ಕೆಲವರಲ್ಲಿ ಅದು ಇದ್ದಕ್ಕಿದ್ದ ಹಾಗೆ ಬಿಳಿ ರಕ್ತಕಣಗಳನ್ನು ಕೆಳಗಿಳಿಸುತ್ತದೆ. ಆಗ ಸಣ್ಣ ಸೋಂಕೂ ಪ್ರಾಣಕ್ಕೆ ಬರಬಹುದು. ಅದಕ್ಕಾಗಿ ವಾರಕ್ಕೊಮ್ಮೆ ರಕ್ತ ಪರೀಕ್ಷೆ, ಗಂಟಲು ನೋವು ಜ್ವರ ಬಂದರೆ ತಕ್ಷಣ ಕ್ಯಾಪ್ಸೂಲು ನಿಲ್ಲಿಸಿ ಆಸ್ಪತ್ರೆ. ಕೊಪ್ಪದಲ್ಲಿ ಪಿಯುಸಿಗೆ ಸೇರಿದ ಮೇಲೆ ಕಾಲೇಜು ಬಿಟ್ಟು ಬಸ್ ಸ್ಟ್ಯಾಂಡಿಗೆ ಹೋಗುವ ದಾರಿಯಲ್ಲಿ ರಕ್ತ ಕೊಟ್ಟು ಹೋಗುತ್ತಿದ್ದೆ.

ಪಿಯುಸಿಯ ಕೆಮಿಸ್ಟ್ರಿ ಪ್ರಾಕ್ಟಿಕಲ್‌ನಲ್ಲಿ ಫೀನಾಲ್ ಗುರುತಿಸುವ ಒಂದು ಪರೀಕ್ಷೆ ಇತ್ತು. ಫೆರಿಕ್ ಕ್ಲೋರೈಡ್ ಎಂಬ ಕಬ್ಬಿಣದ ಹಳದಿ ದ್ರಾವಣವನ್ನು ಒಂದೆರಡು ಹನಿ ಹಾಕಿದರೆ ನೇರಳೆ ಬಣ್ಣ ಬರುತ್ತದೆ. ಕಬ್ಬಿಣ ಆ ವಸ್ತುವಿಗೆ ಅಂಟಿಕೊಂಡಿತು ಎಂದು ಮೇಡಂ ಹೇಳಿದ್ದು ನನ್ನ ತಲೆಯಲ್ಲಿ ಉಳಿಯಿತು. ಮುಂದಿನ ಪ್ರಾಕ್ಟಿಕಲ್‌ಗೆ ಕ್ಯಾಪ್ಸೂಲೊಂದನ್ನು ತಂದಿದ್ದೆ. ಬಿಚ್ಚಿ ಚೂರು ಪುಡಿಯನ್ನು ಟೆಸ್ಟ್ ಟ್ಯೂಬಿನ ನೀರಿಗೆ ಹಾಕಿ, ಫೆರಿಕ್ ಕ್ಲೋರೈಡಿನ ಹನಿ ಬಿಟ್ಟೆ. ಪಕ್ಕದವರ ಟ್ಯೂಬುಗಳಲ್ಲೆಲ್ಲ ನೇರಳೆ. ನನ್ನದರಲ್ಲಿ ದಾಸವಾಳದ ಕೆಂಪು.

ಮೇಡಂ ಬಂದು ನಿಂತರು. “ಎಂತ ಹಾಕಿದೆ ಇದಕ್ಕೆ?”

“ನನ್ನ ಮಾತ್ರೆ ಮೇಡಂ.”

ಬೈಯುತ್ತಾರೆ ಎಂದುಕೊಂಡೆ. ಅವರು ಟ್ಯೂಬನ್ನು ಕಿಟಕಿಯ ಬೆಳಕಿಗೆ ಹಿಡಿದು ಒಂದಿಷ್ಟು ಹೊತ್ತು ನೋಡಿದರು. ಮಾತ್ರೆಯ ಹೆಸರು ಕೇಳಿ ಬರೆದುಕೊಂಡು ಹೋದರು. ಮರುದಿನ ಕ್ಲಾಸು ಮುಗಿದ ಮೇಲೆ ನನ್ನನ್ನು ನಿಲ್ಲಿಸಿಕೊಂಡು ಬೋರ್ಡಿನ ಮೇಲೆ ಅದರ ರಚನೆ ಬರೆದರು. ಒಂದು ಸಣ್ಣ ಉಂಗುರ, ಅದರ ಒಂದು ಬದಿಯಲ್ಲಿ ಅಕ್ಕಪಕ್ಕ ಎರಡು ಆಮ್ಲಜನಕ.

“ಇದು ಎರಡು ಬೆರಳಲ್ಲಿ ಹಿಡಿಯತ್ತೆ. ಕಬ್ಬಿಣವನ್ನು ಪೂರ್ತಿ ಸುತ್ತುವರಿಯಬೇಕಾದ್ರೆ ಆರು ಬೆರಳು ಬೇಕು. ಹಾಗಾಗಿ ಇಂಥ ಮೂರು ಅಣು ಸೇರಿ ಒಂದು ಕಬ್ಬಿಣವನ್ನ ಹೊತ್ಕೊಂಡು ಹೋಗ್ಬೇಕು.”

“ಹತ್ತಿರ ಎರಡೇ ಇದ್ರೆ?”

“ಅರ್ಧ ಹಿಡಿದ ಹಾಗೆ. ಅದು ಒಳ್ಳೇದಲ್ಲ. ಅರ್ಧ ಹಿಡಿದ ಕಬ್ಬಿಣ ಸುಮ್ನೆ ಕೂರಲ್ಲ.”

“ಮೂರನ್ನೂ ಮೊದಲೇ ಒಟ್ಟಿಗೆ ಕಟ್ಟಿಬಿಟ್ರೆ?”

ಮೇಡಂ ಸೀಮೆಸುಣ್ಣ ಇಟ್ಟು ಕೈ ಒರೆಸಿಕೊಂಡರು. “ಕಟ್ಟಿದವರಿದ್ದಾರೆ. ಔಷಧಿ ಆಗಿಲ್ಲ. ಎಂತಕ್ಕೆ ಅಂತ ನನಗೂ ಪೂರ್ತಿ ಗೊತ್ತಿಲ್ಲ ಮಾರಾಯ್ತಿ. ನೀನು ಓದಿ ಹೇಳು.”

ಅವರು ಅದನ್ನು ಪ್ರೋತ್ಸಾಹಕ್ಕೆ ಅಂತ ಹೇಳಿದ್ದೋ, ಬಸ್ಸಿಗೆ ಹೊತ್ತಾಯಿತೆಂದು ಹೇಳಿದ್ದೋ ಗೊತ್ತಿಲ್ಲ. ನಾನು ಅದನ್ನು ಕೆಲಸ ಕೊಟ್ಟ ಹಾಗೆಯೇ ತೆಗೆದುಕೊಂಡೆ.

ಆ ಭಾನುವಾರ ಅಮ್ಮ ಬಾಳೆಹೂವು ಹೆಚ್ಚುತ್ತಿದ್ದಳು. ಕೈಯೆಲ್ಲ ಕಪ್ಪು, ಕತ್ತಿಯ ಬಾಯಿಯೂ ಕಪ್ಪು. ಹೊಸದಾಗಿ ಕಲಿತದ್ದನ್ನು ಹೇಳದೆ ಇರಲಾಗದೆ, ಬಾಳೆಹೂವಿನ ಚೊಗರು ಕತ್ತಿಯ ಕಬ್ಬಿಣವನ್ನು ಹಿಡಿದಿದ್ದರಿಂದ ಆ ಬಣ್ಣ ಬಂತು, ನನ್ನ ಕ್ಯಾಪ್ಸೂಲು ಮಾಡುವುದೂ ಹೆಚ್ಚುಕಡಿಮೆ ಇದನ್ನೇ ಎಂದೆ.

ಅಮ್ಮ ಕತ್ತಿ ನಿಲ್ಲಿಸಿದಳು. “ಹಂಗಾದ್ರೆ ಇಷ್ಟು ವರ್ಷ ಬಾಳೆಹೂವೇ ತಿನ್ನಿಸಿದ್ರೆ ಆಗ್ತಿತ್ತಲ್ಲೇ?”

ಚೊಗರು ಹೊಟ್ಟೆಯಲ್ಲಿರುವ ಕಬ್ಬಿಣವನ್ನಷ್ಟೇ ಹಿಡಿದೀತು, ರಕ್ತದೊಳಗೆ ಹೋಗಿ ಹೃದಯದಲ್ಲಿ ಕೂತದ್ದನ್ನು ತರಲಾರದು ಎಂದು ವಿವರಿಸಿದೆ. ಅವಳು ಒಪ್ಪಿಕೊಂಡ ಹಾಗೆ ಕಾಣಲಿಲ್ಲ. ಮುಂದಿನ ಒಂದು ತಿಂಗಳು ನಮ್ಮ ಮನೆಯಲ್ಲಿ ಬಾಳೆಹೂವಿನ ಪಲ್ಯ, ಬಾಳೆಹೂವಿನ ಚಟ್ನಿ, ಬಾಳೆಹೂವಿನ ಪತ್ರೊಡೆ. ಅಪ್ಪನೇ ಕೊನೆಗೆ, “ನಂಗೆ ಕಬ್ಬಿಣ ಇರ್ಲಿ ಮಾರಾಯ್ತಿ, ನಂಗೊಂದು ಬೇರೆ ಪಲ್ಯ ಮಾಡು” ಎಂದು ಬೇಡಿಕೊಂಡ.

ಡಿಗ್ರಿಯನ್ನು ಶೃಂಗೇರಿಯಲ್ಲಿ ಮಾಡಿದೆ, ಎಂಎಸ್ಸಿಯನ್ನು ಹೊರಗೆ. ಈ ಕಾಯಿಲೆಯ ಇತರ ಲೆಕ್ಕಗಳೂ ಇದ್ದವು. ಗ್ರಂಥಿಗಳಲ್ಲಿ ಕೂತ ಕಬ್ಬಿಣದಿಂದ ನನ್ನ ಎತ್ತರ ಹೈಸ್ಕೂಲಿನಲ್ಲೇ ನಿಂತಿತು. ಗೆಳತಿಯರು ದೊಡ್ಡವರಾದ ಕಾಲಕ್ಕೆ ನಾನಾಗಲಿಲ್ಲ. ಅದಕ್ಕೆ ಬೇರೆ ಮಾತ್ರೆ. ಶೃಂಗೇರಿಯ ಬಸ್ಸಿನಲ್ಲಿ ಕಂಡಕ್ಟರು ನನಗೆ ಅರ್ಧ ಟಿಕೆಟ್ ಕೊಟ್ಟು, ನಾನು ಕಾಲೇಜಿನ ಐಡಿ ತೋರಿಸಿ ಪೂರ್ತಿ ಟಿಕೆಟ್ ಕೇಳಿದಾಗ ಬಸ್ಸಿನವರೆಲ್ಲ ನಕ್ಕಿದ್ದಾರೆ. ನಾನೂ ನಕ್ಕಿದ್ದೇನೆ.

ಪಿಎಚ್‌ಡಿಗೆ ಇನ್ನೊಂದು ಜಿಲ್ಲೆಯ ವಿಶ್ವವಿದ್ಯಾಲಯದಲ್ಲಿ ಸೇರಿದೆ. ನನ್ನ ಗೈಡ್ ಮಾತು ಕಡಿಮೆಯ ಮನುಷ್ಯ. ಲೋಹಗಳನ್ನು ಹಿಡಿಯುವ ಅಣುಗಳನ್ನು ಕಟ್ಟುವುದೇ ಅವರ ಕೆಲಸ. ಸಂದರ್ಶನದಲ್ಲಿ ನನ್ನ ಕಾಯಿಲೆ ಹೇಳಿದಾಗ, “ಲ್ಯಾಬಿನಲ್ಲಿ ನಿಂತು ಕೆಲಸ ಮಾಡೋಕೆ ಆಗುತ್ತಾ?” ಎಂದಷ್ಟೇ ಕೇಳಿದರು.

“ರಕ್ತ ಏರಿಸಿದ ಮೇಲೆ ಎರಡು ವಾರ ಎಲ್ಲರಷ್ಟೇ ಮಾಡ್ತೇನೆ ಸರ್. ಆಮೇಲೆ ನಡುನಡುವೆ ಕೂರ್ಬೇಕಾಗತ್ತೆ.”

“ಹಾಗಾದ್ರೆ ಕಷ್ಟದ ಸ್ಟೆಪ್ಪುಗಳನ್ನ ಆ ಎರಡು ವಾರದಲ್ಲಿ ಇಟ್ಕೋ” ಎಂದರು. ಆಮೇಲೆ, “ಇಲ್ಲಿ ಮಾಡಿದ್ದು ಯಾವುದೂ ನಿನ್ನ ಬಾಯಿಗೆ ಹೋಗಬಾರದು. ಅದೊಂದು ಮಾತು ಕೊಡು” ಎಂದರು. ಕೊಟ್ಟೆ.

ನಾನು ಆರಿಸಿಕೊಂಡದ್ದು ಪಿಯುಸಿಯಲ್ಲಿ ಮೇಡಂ ಮುಂದೆ ಕೇಳಿದ ಪ್ರಶ್ನೆಯನ್ನೇ. ನನ್ನ ಕ್ಯಾಪ್ಸೂಲಿನಲ್ಲಿದ್ದ ಉಂಗುರದ ಹತ್ತಿರದ ಸಂಬಂಧಿಗಳನ್ನು ಮೂರು ತೆಗೆದುಕೊಂಡು, ಮೂರು ಕೈಗಳ ಒಂದು ನಡುಗಂಬಕ್ಕೆ ಜೋಡಿಸುವುದು. ಆಗ ಒಂದೇ ಅಣು ಆರು ಬೆರಳಿನಿಂದ ಕಬ್ಬಿಣವನ್ನು ಸುತ್ತುವರಿಯಬೇಕು. ಹೇಳಲು ಸುಲಭ. ಕೈಗಳು ಗಿಡ್ಡವಾದರೆ ಬೆರಳು ಕಬ್ಬಿಣಕ್ಕೆ ತಲುಪುವುದಿಲ್ಲ, ಉದ್ದವಾದರೆ ಸಡಿಲವಾಗಿ ಹಿಡಿಯುತ್ತವೆ ಅಥವಾ ಪಕ್ಕದ ಅಣುವಿನ ಕಬ್ಬಿಣಕ್ಕೆ ಕೈಹಾಕುತ್ತವೆ. ಕಂಪ್ಯೂಟರಿನಲ್ಲಿ ಬೇರೆ ಬೇರೆ ಉದ್ದಗಳನ್ನು ನೋಡಿ, ಸರಿಹೊಂದುವುದನ್ನು ಆರಿಸಿ, ಕಟ್ಟಲು ಶುರುಮಾಡಿದೆ.

ಊರಿಗೆ ಹೋದಾಗ ಅಪ್ಪನಿಗೆ ಇದನ್ನು ಚೀಟಿಯ ಮೇಲೆ ಬರೆದು ತೋರಿಸಿದೆ. ಅವನು ಅದನ್ನು ಶಾಪಿಗೆ ಒಯ್ದು, ಲಾರಿಯ ಬಾಲ್ ಬೇರಿಂಗಿನ ದೊಡ್ಡ ಗುಂಡೊಂದನ್ನು ಕಬ್ಬಿಣ ಎಂದಿಟ್ಟುಕೊಂಡು, ತೆಳು ಸರಳುಗಳಲ್ಲಿ ಮೂರು ಕೈ ಬೆಸೆದು ತಂದ. ಗುಂಡು ಒಳಗೆ ಕೂರಲಿಲ್ಲ, ಜಾರಿ ಬಿತ್ತು.

“ಕೈ ಗಿಡ್ಡ ಆಯ್ತು ಅಪ್ಪ. ಇಲ್ಲಿ ಇನ್ನೊಂದು ಗೆಣ್ಣು ಬೇಕು, ಒಳಗೆ ಬಾಗೋ ಹಾಗೆ.”

“ನೀ ಚೀಟಿಯಲ್ಲಿ ಗೆಣ್ಣು ತೋರ್ಸಿರ್ಲಿಲ್ಲ.”

“ತೋರ್ಸಿದೀನಿ ನೋಡು, ಈ ಮೂಲೆ.”

“ಅದು ಪೆನ್ನು ಜಾರಿದ್ದು ಅಂತ ಮಾಡಿದ್ದೆ ನಾನು.” ಇಬ್ಬರೂ ಚೀಟಿಯ ಮೇಲೆ ಬಗ್ಗಿ ಜಗಳವಾಡಿದೆವು. ಎರಡನೆಯ ಸಲ ಗುಂಡು ಸರಿಯಾಗಿ ಕೂತಿತು. ಮೈಯ ಕಬ್ಬಿಣದ ವಿಷಯಕ್ಕೆ ಅಪ್ಪ ನನ್ನ ಜೊತೆ ಅಷ್ಟು ಹೊತ್ತು, ಬೇಜಾರಿಲ್ಲದೆ ಮಾತಾಡಿದ್ದು ಅದೇ ಮೊದಲು. ಅಲ್ಲಿಯವರೆಗೆ ಆ ಮಾತು ಬಂದರೆ ಅವನು ಎದ್ದು ಹೋಗುತ್ತಿದ್ದ.

ಲ್ಯಾಬಿನಲ್ಲಿ ತೊಂದರೆ ಬಂದದ್ದು ನಾನು ಎಣಿಸಿರದ ಕಡೆಯಿಂದ. ಶುದ್ಧವಾದ ನನ್ನ ಅಣು ಬಿಳಿ ಪುಡಿಯಾಗಿರಬೇಕು. ಪ್ರತಿ ಸಲವೂ ತಿಳಿ ಗುಲಾಬಿ ಬಣ್ಣದಲ್ಲಿ ಬರುತ್ತಿತ್ತು. ತಿಂಗಳುಗಟ್ಟಲೆ ಕೆಲಸದ ದಾರಿಯಲ್ಲೇ ತಪ್ಪು ಹುಡುಕಿದೆ. ಕೊನೆಗೆ ಗೊತ್ತಾದದ್ದು, ಅದು ಸಿಕ್ಕಸಿಕ್ಕಲ್ಲಿಂದ ಕಬ್ಬಿಣವನ್ನು ಎತ್ತಿಕೊಳ್ಳುತ್ತಿದೆ ಎಂದು. ಸ್ಟೀಲಿನ ಚಮಚದಿಂದ, ನಲ್ಲಿಯ ನೀರಿನಲ್ಲಿ ತೊಳೆದ ಗಾಜಿನಿಂದ, ಸೋಸುವ ಕಾಗದದಿಂದ ಕೂಡ. ಎಲ್ಲ ಗಾಜನ್ನೂ ಆಮ್ಲದಲ್ಲಿ ನೆನೆಸಿಟ್ಟು ತೊಳೆದು, ಪ್ಲಾಸ್ಟಿಕ್ ಚಮಚ ಹಿಡಿದ ಮೇಲೆ ಬಿಳಿ ಪುಡಿ ಬಂತು. ಗೈಡ್ ನೋಡಿ, “ಒಳ್ಳೆ ಲಕ್ಷಣ” ಎಂದರು.

ನಿಜವಾದ ಪರೀಕ್ಷೆ ಆಮೇಲೆ. ಲೋಹ ಕಸಿದುಕೊಳ್ಳುವುದಕ್ಕೆ ಹೆಸರಾದ ಒಂದು ಪುಡಿ ಎಲ್ಲ ಲ್ಯಾಬುಗಳಲ್ಲೂ ಇರುತ್ತದೆ. ನನ್ನ ಅಣುವಿಗೆ ಕಬ್ಬಿಣ ಕೊಟ್ಟು ಕೆಂಪು ದ್ರಾವಣ ಮಾಡಿ, ಅದಕ್ಕೆ ಈ ಪುಡಿಯನ್ನು ಧಾರಾಳವಾಗಿ ಸುರಿದೆ. ಪುಡಿ ಕಬ್ಬಿಣವನ್ನು ಕಸಿದುಕೊಂಡರೆ ಕೆಂಪು ಹೋಗಬೇಕು. ಮಧ್ಯಾಹ್ನ ಊಟಕ್ಕೆ ಹೋಗಿ ಬಂದೆ, ಕೆಂಪು ಹಾಗೇ ಇತ್ತು. ಮರುದಿನವೂ ಇತ್ತು. ವಾರದ ಮೇಲೂ ಇತ್ತು. ಕಾರಿಡಾರಿಗೆ ಹೋಗಿ ಅಮ್ಮನಿಗೆ ಫೋನ್ ಮಾಡಿದೆ.

“ಗಟ್ಟಿ ಹಿಡ್ಕೊಂಡಿದೆ ಅಮ್ಮ. ಬಿಡ್ತಾನೇ ಇಲ್ಲ.”

“ಹಂಗಾದ್ರೆ ಅದನ್ನೇ ನೀನು ತಗೊಂಡ್ರೆ ಆಗ್ತದಲ್ಲ? ನೀನೇ ಮಾಡಿದ್ದು, ಶುದ್ಧ ಇರ್ತದೆ.”

“ಆಗಲ್ಲ ಅಮ್ಮ. ಗಾಜಿನಲ್ಲಿ ಹಿಡಿದದ್ದು ಮೈಯಲ್ಲಿ ಎಂತ ಮಾಡತ್ತೋ ಯಾರಿಗೂ ಗೊತ್ತಿಲ್ಲ.”

“ಮತ್ತೆ ಯಾರಿಗೆ ಅಂತ ಮಾಡ್ತಿದೀಯ?”

“ಗೊತ್ತಾಗಲಿ ಅಂತ” ಎಂದೆ. ಅಮ್ಮ, “ಸರಿ, ಊಟ ಮಾಡಿದ್ಯಾ?” ಎಂದಳು.

ಆಸೆ ನನಗೂ ಇರಲಿಲ್ಲವೆಂದಲ್ಲ. ನನ್ನ ಅಣುವಿನ ಪುಡಿ ತೂಗುವಾಗ ಎಷ್ಟೋ ಸಲ, ನನ್ನ ತೂಕದ ಹೆಂಗಸಿಗೆ ಇದು ಎಷ್ಟು ಬೇಕಾದೀತು ಎಂದು ಮನಸ್ಸಿನಲ್ಲೇ ಅಂದಾಜು ಹಾಕಿದ್ದೇನೆ. ಬಾಯಿಗೆ ಹಾಕಲಿಲ್ಲ.

ಪುಡಿಯನ್ನು ಬೇರೆ ಊರಿನ ಜೀವಕೋಶಗಳ ಲ್ಯಾಬಿಗೆ ಕಳಿಸಿದೆವು. ಅಲ್ಲಿಂದ ಬಂದ ಉತ್ತರ ಚಿಕ್ಕದು. ಅಣು ಜೀವಕೋಶದ ಒಳಗೆ ಹೋಗುತ್ತಿಲ್ಲ. ಅದು ದೊಡ್ಡದು, ನೀರನ್ನು ಇಷ್ಟಪಡುವಂಥದು. ಕೋಶದ ಹೊರಪೊರೆ ಜಿಡ್ಡಿನದು. ಕಬ್ಬಿಣ ಒಳಗಿದೆ, ಹಿಡಿಯುವವರು ಬಾಗಿಲ ಹೊರಗೆ. ಮೇಡಂ ಅಂದು ಹೇಳದೆ ಬಿಟ್ಟದ್ದರ ಒಂದು ಭಾಗ ಹೀಗೆ ಗೊತ್ತಾಯಿತು. ಮತ್ತೆ ಒಂದು ವರ್ಷ ದುಡಿದು ಕೈಗಳಿಗೆ ಜಿಡ್ಡು ಸ್ವಭಾವದ ಬಾಲಗಳನ್ನು ಸೇರಿಸಿ ಎರಡನೆಯ ಅಣು ಮಾಡಿದೆ. ಅದು ಒಳಗೆ ಹೋಯಿತು. ಹೋದ ಕಡೆ ಕೋಶಗಳು ಸತ್ತವು.

ಆ ಉತ್ತರ ಬಂದ ವಾರ ನಾನು ರಜೆಯಲ್ಲಿ ಜಯಪುರದಲ್ಲಿದ್ದೆ. ಬೆಳಿಗ್ಗೆ ಎದ್ದಾಗ ಗಂಟಲು ನೋವು, ಪ್ರಯಾಣದ ಧೂಳಿಗೆ ಇರಬೇಕು ಎಂದುಕೊಂಡೆ. ಮಧ್ಯಾಹ್ನದ ಹೊತ್ತಿಗೆ ಚಳಿ ಹಿಡಿದು ನಡುಗತೊಡಗಿದೆ. ಅಮ್ಮ ಶುಂಠಿ ಕಷಾಯಕ್ಕಿಟ್ಟಳು. ಅಪ್ಪ ಶಾಪಿನಿಂದ ಬಂದವನು ನನ್ನ ಮುಖ ನೋಡಿ, “ವಾರದ ರಕ್ತ ಕೊಟ್ಟಿದ್ಯಾ?” ಎಂದು ಕೇಳಿದ. ಕೊಟ್ಟಿದ್ದೆ, ಹಿಂದಿನ ವಾರ ಸರಿಯಿತ್ತು. ಈ ವಾರದ್ದು ನಾಳೆ ಕೊಡುವುದಿತ್ತು. “ನಾಳೆ ಗೀಳೆ ಬೇಡ, ಏಳು” ಎಂದ. ಅವತ್ತು ಅವನು ಮೀಯಲಿಲ್ಲ, ಬಟ್ಟೆ ಬದಲಿಸಲಿಲ್ಲ. ಕಬ್ಬಿಣದ ಪುಡಿಯ ಅಂಗಿಯಲ್ಲೇ ನನ್ನನ್ನು ಹಿಡಿದು ಜೀಪಿಗೆ ಹತ್ತಿಸಿದ. ಕೊಪ್ಪದಲ್ಲಿ ಪರೀಕ್ಷೆ ಮಾಡಿಸಿದರೆ ಬಿಳಿ ಕಣಗಳು ಬಹುತೇಕ ಇಲ್ಲವೇ ಇಲ್ಲ. ಅಲ್ಲಿಂದ ನೇರ ಘಾಟಿ ಇಳಿದೆವು.

ಕೆಳಗಿನ ಆಸ್ಪತ್ರೆಯಲ್ಲಿ ನನ್ನನ್ನು ಬೇರೆಯೇ ಕೋಣೆಯಲ್ಲಿಟ್ಟರು. ಬಂದವರೆಲ್ಲ ಮುಖ ಮುಚ್ಚಿಕೊಂಡು ಬರುತ್ತಿದ್ದರು. ಜ್ವರ ಇಳಿಯಲು ಹಲವು ದಿನ ಹಿಡಿಯಿತು. ಭಯವಾಗಿತ್ತು, ಅದಕ್ಕಿಂತ ಹೆಚ್ಚು ಸಿಟ್ಟು ಬಂದಿತ್ತು. ನನ್ನನ್ನು ಅಷ್ಟು ವರ್ಷ ಬದುಕಿಸಿದ್ದು ಆ ಕ್ಯಾಪ್ಸೂಲು, ನನ್ನನ್ನು ಕೆಮಿಸ್ಟ್ರಿಗೆ ತಂದದ್ದೂ ಅದೇ. ಈಗ ಅದನ್ನು ಮತ್ತೆ ಮುಟ್ಟಬಾರದೆಂದು ಡಾಕ್ಟರು ಹೇಳಿದರು. ಬಿಳಿ ಕಣಗಳು ಚೇತರಿಸಿಕೊಂಡ ಮೇಲೆ, ನೀರಿನಲ್ಲಿ ಕಲಸಿ ಕುಡಿಯುವ ಇನ್ನೊಂದು ಮಾತ್ರೆಗೆ ಬದಲಾಯಿಸಿದರು. ಅದೂ ಲ್ಯಾಬಿನಲ್ಲಿ ಕಟ್ಟಿದ್ದೇ. ಅದರಲ್ಲಿ ಎರಡು ಅಣು ಸೇರಿ ಒಂದು ಕಬ್ಬಿಣ ಹಿಡಿಯುತ್ತವೆ. ಹೆಚ್ಚಾಗಿ ಮಲದಲ್ಲಿ ಹೋಗುವುದರಿಂದ ಮೂತ್ರಕ್ಕೆ ಬಣ್ಣ ಬರುವುದಿಲ್ಲ. ಅಮ್ಮ ಕೆಲವು ದಿನ ಅದನ್ನು ನಂಬಲೇ ಇಲ್ಲ.

ಗೈಡ್ ಫೋನ್ ಮಾಡಿದರು. ಹೇಗಿದ್ದೀಯ ಎಂದು ಕೇಳಿದರು. ನಾನೇ, “ನಮ್ಮ ಎರಡನೇದು ಕೋಶ ಯಾಕೆ ಕೊಲ್ತು ಸರ್?” ಎಂದೆ.

“ಕೋಶಕ್ಕೂ ಕಬ್ಬಿಣ ಬೇಕಲ್ಲಮ್ಮ. ಒಂದು ಕೋಶ ಎರಡಾಗೋಕೆ ಕಬ್ಬಿಣ ಬೇಕು. ನಿನ್ನ ಅಣು ಹೆಚ್ಚಾದದ್ದು ಯಾವುದು, ಬೇಕಾದದ್ದು ಯಾವುದು ಅಂತ ನೋಡಲಿಲ್ಲ. ಎಲ್ಲಾ ತಗೊಂಡ್ತು.”

“ಹಾಗಾದ್ರೆ ಗಟ್ಟಿ ಹಿಡಿದದ್ದೇ ತಪ್ಪಾಯ್ತಾ?”

“ತಪ್ಪಲ್ಲ. ಅದು ಸಾಕಾಗಲ್ಲ ಅಷ್ಟೆ. ಅದನ್ನ ಥೀಸಿಸ್‌ನಲ್ಲಿ ಬರಿ.”

ಬರೆದೆ. ನನ್ನ ಥೀಸಿಸ್‌ನಲ್ಲಿ ಹೆಚ್ಚಿನ ಪುಟಗಳು ಏನಾಗಲಿಲ್ಲ, ಏಕಾಗಲಿಲ್ಲ ಎಂಬುದರ ಬಗ್ಗೆಯೇ ಇವೆ. ಮೌಖಿಕ ಪರೀಕ್ಷೆಗೆ ಅಪ್ಪ ಅಮ್ಮ ಬಂದು ಹಿಂದಿನ ಸಾಲಿನಲ್ಲಿ ಕೂತಿದ್ದರು. ಪರೀಕ್ಷಕರು, ನಿಮ್ಮ ಅಣುವಿನಿಂದ ರೋಗಿಗಳಿಗೆ ಏನು ಉಪಯೋಗ ಎಂದು ಕೇಳಿದರು. ಸದ್ಯಕ್ಕೆ ಏನೂ ಇಲ್ಲ ಎಂದೆ. ಅಮ್ಮನಿಗೆ ಆ ಉತ್ತರ ಸರಿಬರಲಿಲ್ಲ. ಹೊರಗೆ ಬಂದ ಮೇಲೆ, “ಸ್ವಲ್ಪ ಇದೆ ಅಂತ ಹೇಳಿದ್ರೆ ಎಂತ ಆಗ್ತಿತ್ತು?” ಎಂದಳು.

ಈಗ ನರಸಿಂಹರಾಜಪುರದಲ್ಲಿ ಡಿಗ್ರಿ ಮಕ್ಕಳಿಗೆ ಪಾಠ ಮಾಡುತ್ತೇನೆ. ಗಂಡ ಕನ್ನಡ ಮೇಷ್ಟ್ರು. ಮದುವೆಯ ಮಾತು ಬಂದಾಗ ನಾನು ಕಾಯಿಲೆಯ ವಿಷಯ ಹೇಳಿ, ನನ್ನ ಅಪ್ಪ ಅಮ್ಮನ ಹಾಗೆ ಅವರೂ ಕಾಯಿಲೆ ಕಾಣಿಸದೆ ಅದನ್ನು ಹೊತ್ತಿರುವ ವಾಹಕರೇನೋ ಎಂದು ಪರೀಕ್ಷೆ ಮಾಡಿಸಬೇಕು ಎಂದಿದ್ದೆ. ಅವರು ವಾರ ಬಿಟ್ಟು ಬಂದು, “ಪಾಸಾದೆ. ಜೀವನದಲ್ಲಿ ಒಂದು ವಿಜ್ಞಾನದ ಪರೀಕ್ಷೆ ಪಾಸಾದದ್ದು ಇದೇ ಮೊದಲು” ಎಂದರು.

ಮೊದಲ ಅಣುವಿನಿಂದ ಒಂದು ಸಣ್ಣ ಉಪಯೋಗ ಆಯಿತು. ಅದನ್ನು ಹತ್ತಿಯ ಕಾಗದಕ್ಕೆ ಅಂಟಿಸಿ ಪಟ್ಟಿ ಮಾಡಿದರೆ ನೀರಿನಲ್ಲಿರುವ ಕಬ್ಬಿಣ ತೋರಿಸುತ್ತದೆ. ಭದ್ರಾ ಹಿನ್ನೀರಿನ ಬದಿಯ ಕೆಲವು ಬೋರ್‌ವೆಲ್‌ಗಳ ನೀರು ಕೊಡದಲ್ಲಿಟ್ಟರೆ ಕೆಂಪಾಗುತ್ತದೆ. ವಿದ್ಯಾರ್ಥಿಗಳು ತಮ್ಮ ತಮ್ಮ ಮನೆಯ ನೀರು ತಂದು, ಒಂದಿಷ್ಟು ಹೊತ್ತು ಗಾಳಿಗೆ ಬಿಟ್ಟು ಪಟ್ಟಿ ಅದ್ದಿ, ಯಾರದು ಹೆಚ್ಚು ಗುಲಾಬಿ ಎಂದು ಪಂದ್ಯ ಕಟ್ಟುತ್ತಾರೆ. ಗೆದ್ದವರ ಮನೆಗೆ ನಾನು ಫಿಲ್ಟರ್ ಹಾಕಿಸಿಕೊಳ್ಳಿ ಎಂದು ಹೇಳಿ ಕಳಿಸುತ್ತೇನೆ.

ನನ್ನ ಹೃದಯದ ಸ್ಕ್ಯಾನನ್ನು ವರ್ಷಕ್ಕೊಮ್ಮೆ ಮಾಡುತ್ತಾರೆ. ಕಳೆದ ಸಲ ಕಬ್ಬಿಣ ಮೊದಲಿಗಿಂತ ಕಡಿಮೆಯಾಗಿದೆ ಎಂದರು. ಹೊಸ ಮಾತ್ರೆ ಸರಿಹೊಂದಿದೆ. ಕಿಡ್ನಿಯ ಮೇಲೆ ಕಣ್ಣಿಡಬೇಕು, ಇಟ್ಟಿದ್ದೇವೆ.

ಮೊನ್ನೆ ಕಾಲೇಜು ಬಿಟ್ಟು ಬಸ್ ಸ್ಟ್ಯಾಂಡಿನಲ್ಲಿ ನಿಂತಿದ್ದೆ. ಗೈಡಿನ ಲ್ಯಾಬಿನಿಂದ ಫೋನ್ ಬಂತು. ಹೊಸದಾಗಿ ಸೇರಿದ ಹುಡುಗಿ, ನಾನು ನೋಡಿಲ್ಲ. ನನ್ನ ಎರಡನೆಯ ಅಣುವಿನ ಬಾಲಗಳನ್ನು ಗಿಡ್ಡ ಮಾಡಿ, ಹಿಡಿತವನ್ನು ಸ್ವಲ್ಪ ಸಡಿಲ ಮಾಡಿ, ಹೊಸದೊಂದನ್ನು ಕಟ್ಟುತ್ತಿದ್ದಾಳೆ. ಕೊನೆಯ ಹಂತದಲ್ಲಿ ಪುಡಿಯ ಬದಲು ಕಂದು ಅಂಟು ಬರುತ್ತಿದೆಯಂತೆ.

“ಮೇಡಂ, ನಿಮ್ಗೂ ಹೀಗೇ ಆಗಿತ್ತಾ?”

“ಆಗಿತ್ತು. ಹನಿ ಹಾಕುವಾಗ ಅವಸರ ಮಾಡ್ತಿದೀಯ. ಪಾತ್ರೆ ಬಿಸಿಯಾಗ್ತಾ ಇರತ್ತೆ, ನಿನಗೆ ಗೊತ್ತಾಗಲ್ಲ.”

“ಕೆಳಗೆ ಐಸ್ ಇಟ್ಟಿದೀನಿ ಮೇಡಂ.”

“ಕರಗಿದ ಐಸ್ ಐಸಲ್ಲ ಮಾರಾಯ್ತಿ. ಬದಲಾಯಿಸ್ತಾ ಇರು. ಉಪ್ಪು ಬೆರೆಸು. ಒಂದು ಮಧ್ಯಾಹ್ನ ಪೂರ್ತಿ ಹಿಡಿಯತ್ತೆ, ಹಿಡೀಲಿ.”

ಅಷ್ಟರಲ್ಲಿ ಕೊಪ್ಪದ ಬಸ್ಸು ಬಂತು. ಹತ್ತಿ ಕಿಟಕಿಯ ಪಕ್ಕ ಸೀಟು ಹಿಡಿದು ಕೂತ ಮೇಲೂ ಅವಳ ಪ್ರಶ್ನೆಗಳು ಮುಗಿದಿರಲಿಲ್ಲ. ಕಂಡಕ್ಟರಿಗೆ ಬೆರಳೆತ್ತಿ ಒಂದು ಟಿಕೆಟ್ ಎಂದು ಸನ್ನೆ ಮಾಡಿ, “ಹೇಳು” ಎಂದೆ.